ಹಗಲಿನ ಅಳತೆ ಮತ್ತು ಹಿತ್ತಿಲ ಹೇಟೆ

ಬೆಂಗಳೂರಿನ ಪಶ್ಚಿಮದಲ್ಲಿರುವ ಅನ್ನಪೂರ್ಣೇಶ್ವರಿ ನಗರ ಇಂದು ಒತ್ತೊತ್ತಾದ ಮನೆಗಳ ಬಡಾವಣೆಯಾಗಿದ್ದರೂ, ಅದರ ನೆರೆಯ ನಾಗರಬಾವಿ, ಶ್ರೀಗಂಧದ ಕಾವಲು, ಮಲ್ಲತ್ತಹಳ್ಳಿ ಎಂಬ ಹೆಸರುಗಳಲ್ಲಿ ಬಾವಿ, ಕಾವಲು, ಹಳ್ಳಿಗಳ ಹಿಂದಿನ ಲೋಕ ಇನ್ನೂ ಉಳಿದಿದೆ. ರಾಗಿ, ಅವರೆ, ಹುರುಳಿಯ ಆ ಒಣಬೇಸಾಯದ ಸೀಮೆಯಲ್ಲಿ ಮನೆಯ ಹಿತ್ತಿಲಲ್ಲಿ ತಿಪ್ಪೆ ಕೆದಕಿ, ರಾತ್ರಿ ಮಂಕರಿಯಡಿ ಮಲಗಿ ಬದುಕಿದ ನಾಟಿ ಹೇಟೆ, ಅಂದರೆ ಹೆಣ್ಣು ಕೋಳಿ, ಚಳಿಗಾಲದಲ್ಲಿ ಏಕೆ ಕಡಿಮೆ ಮೊಟ್ಟೆ ಇಡುತ್ತದೆ ಎಂಬ ಪ್ರಶ್ನೆಗೆ ಚಳಿಯೊಂದನ್ನೇ ಕಾರಣವಾಗಿ ಹೇಳಿದರೆ ಉತ್ತರ ಪೂರ್ಣವಾಗುವುದಿಲ್ಲ.

ಕೋಳಿಯ ದೇಹದಲ್ಲಿ ಒಂದು ಮೊಟ್ಟೆ ರೂಪುಗೊಳ್ಳಲು ಸುಮಾರು 24ರಿಂದ 26 ಗಂಟೆ ಬೇಕಾಗುತ್ತದೆ. ಆ ಕೆಲಸಕ್ಕೆ ಅಪ್ಪಣೆ ಕೊಡುವುದು ಬೆಳಕು. ಕಣ್ಣಿನ ಮೂಲಕ ಮಾತ್ರವಲ್ಲದೆ ತೆಳುವಾದ ತಲೆಬುರುಡೆಯನ್ನು ಹಾದು ಒಳಸೇರುವ ಬೆಳಕನ್ನು ಮಿದುಳಿನ ತಳಭಾಗದ ಹೈಪೊಥಲಾಮಸ್ ಗ್ರಹಿಸಿ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ, ಆ ಗ್ರಂಥಿ ಸ್ರವಿಸುವ ಹಾರ್ಮೋನುಗಳು ಅಂಡಾಶಯದಲ್ಲಿ ಹಳದಿ ಲೋಳೆಯನ್ನು ಬೆಳೆಸುತ್ತವೆ. ಹಗಲು ಕುಗ್ಗುತ್ತಾ ಬಂದಂತೆ ಈ ಪ್ರಚೋದನೆ ತಗ್ಗುತ್ತದೆ. ಹಳೆಯ ಗರಿ ಉದುರಿ ಹೊಸ ಗರಿ ಮೂಡುವ ಕಾಲವೂ ಇದರೊಡನೆ ಕೂಡಿಬಂದಾಗ, ಗರಿ ಬಹುಪಾಲು ಪ್ರೋಟೀನಿನಿಂದಲೇ ಆಗುವುದರಿಂದ, ಮೊಟ್ಟೆಗೆ ಹೋಗಬೇಕಾದ ಸತ್ವ ಮೈಹೊದಿಕೆಗೆ ವೆಚ್ಚವಾಗುತ್ತದೆ.

ಹಗಲಿನ ಉದ್ದಕ್ಕೂ ಹಕ್ಕಿಗಳ ಸಂತಾನಕಾಲಕ್ಕೂ ಇರುವ ಈ ನಂಟನ್ನು 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಚಳಿಗಾಲದ ಹಕ್ಕಿಗಳಿಗೆ ವಿದ್ಯುದ್ದೀಪ ಹಚ್ಚಿ ತೋರಿಸಿದರು; 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ, ಬೆಳಕು ಕಣ್ಣನ್ನು ಬಳಸದೆಯೂ ಮಿದುಳನ್ನು ಮುಟ್ಟಬಲ್ಲದೆಂದು ಬಾತುಗಳಲ್ಲಿ ಕಂಡುಕೊಂಡರು. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿಯ ಕಥೆ ಕನ್ನಡಿಗರಿಗೆ ಚಿರಪರಿಚಿತ. ಈ ಪ್ರಯೋಗಗಳು ತಿಳಿಸಿದ್ದು ಆ ಕಥೆಯ ಇನ್ನೊಂದು ಮಗ್ಗುಲನ್ನು, ಅಂದರೆ ಕೋಳಿಯ ಒಡಲನ್ನೇ ಬೆಳಗು ನಡೆಸುತ್ತದೆ ಎಂಬುದನ್ನು.

ಆದರೆ ಈ ನಿಯಮ ಎಲ್ಲ ಸೀಮೆಗೂ ಒಂದೇ ಬಗೆಯಲ್ಲಿ ಅನ್ವಯಿಸುವುದಿಲ್ಲ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆಯಿದ್ದು ಜೂನಿನಲ್ಲಿ ಹದಿನಾರೂವರೆ ಗಂಟೆ ದಾಟುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಬೆಂಗಳೂರಿನಲ್ಲಾದರೋ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ದೊಡ್ಡದು ಸುಮಾರು 12 ಗಂಟೆ 50 ನಿಮಿಷ. ಹೆಚ್ಚು ಮೊಟ್ಟೆಯಿಡುವ ತಳಿಗಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕೆಂಬುದನ್ನು ನೆನೆದರೆ, ಬೆಂಗಳೂರಿನ ಆಕಾಶ ಬೇಸಿಗೆಯಲ್ಲೂ ಅಷ್ಟನ್ನು ಕೊಡುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಮಾಗಿಯ ಚಳಿಯೂ ಇಲ್ಲಿ ಸೌಮ್ಯವೇ. ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್.

ಆದ್ದರಿಂದ ಈ ಸೀಮೆಯ ನಾಟಿ ಹೇಟೆಯ ವರ್ಷವನ್ನು ಬೆಳಕಿನಷ್ಟೇ ಅದರ ತಾಯ್ತನವೂ ಅಳೆಯುತ್ತಿತ್ತು. ಹತ್ತು ಹನ್ನೆರಡು ಮೊಟ್ಟೆಯಿಟ್ಟ ಮೇಲೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಹೇಟೆ ಕಾವಿಗೆ ಕೂರುತ್ತದೆ. 21 ದಿನ ಕಾವು ಕೊಟ್ಟು, ಅನಂತರ ವಾರಗಟ್ಟಲೆ ಮರಿಗಳನ್ನು ರೆಕ್ಕೆಯಡಿ ಕಾಯುವಷ್ಟು ಕಾಲವೂ ಮೊಟ್ಟೆ ನಿಂತಿರುತ್ತದೆ. ಬೇಸಿಗೆಯ ಸೆಕೆಗೆ ಮೊಟ್ಟೆ ಬೇಗ ಕೆಡುವುದರಿಂದ ತಂಪುಕಾಲ ಕಾವಿಗೆ ಅನುಕೂಲ. ರಾಗಿ ಕೊಯ್ಲು ಮುಗಿದು ಕಣದಲ್ಲಿ ಒಕ್ಕಣೆ ನಡೆಯುವುದೂ ಆ ದಿನಗಳಲ್ಲೇ ಆದ್ದರಿಂದ, ಚೆಲ್ಲಿದ ಕಾಳು ಮರಿಗಳ ಪಾಲಾಗುತ್ತಿತ್ತು. ಹೀಗೆ ಚಳಿಗಾಲದಲ್ಲಿ ಮೊಟ್ಟೆಯ ಲೆಕ್ಕ ಇಳಿದರೂ ಮನೆಗೆ ಮರಿಗಳ ಲೆಕ್ಕ ಸೇರುತ್ತಿತ್ತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಲೆಕ್ಕ ಬದಲಾಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಪ್ರಾದೇಶಿಕ ಕೋಳಿ ಸಾಕಣೆ ಕ್ಷೇತ್ರಗಳಲ್ಲಿ ಬೆಂಗಳೂರಿನದೂ ಒಂದು. ನಗರದ ಹೊರಗಿನ ಹೆಸರಘಟ್ಟ ಮುಂದೆ ಕೋಳಿ ತಳಿ ಸಂವರ್ಧನೆಗೂ ತರಬೇತಿಗೂ ಹೆಸರಾಯಿತು. ಇಟಲಿಯ ಲಿವೊರ್ನೊ ಬಂದರಿನಿಂದ ಹೆಸರು ಪಡೆದ ಲೆಗ್‌ಹಾರ್ನ್ ಮೂಲದ ಬಿಳಿ ಕೋಳಿಗಳು ಕಾವಿಗೆ ಕೂರುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡವು. ದೀಪದ ಬೆಳಕಿನಲ್ಲಿ ಹಗಲನ್ನು ಹಿಗ್ಗಿಸಿದಾಗ ಅವುಗಳ ಮಿಶ್ರತಳಿಗಳು ವರ್ಷಕ್ಕೆ ಮುನ್ನೂರರ ಆಸುಪಾಸು ಮೊಟ್ಟೆಯಿಡುತ್ತವೆ. ಹಿತ್ತಿಲ ಸಾಕಣೆಯನ್ನು ಮರೆಯದೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ರೂಪಿಸಿದ ಬಣ್ಣದ ಗರಿಯ ಗಿರಿರಾಜ ತಳಿ ಈ ಎರಡು ಲೋಕಗಳ ನಡುವಿನ ಪ್ರಯತ್ನವಾಗಿತ್ತು.

ಹೊಲಗಳು ನಿವೇಶನಗಳಾದಂತೆ ನಗರದ ಪಶ್ಚಿಮದ ಅಂಚಿನಲ್ಲಿ ಕಣವೂ ತಿಪ್ಪೆಯೂ ಮರೆಯಾದವು, ಕೋಳಿಗೂಡು ಉಳಿದ ಕಡೆ ಅದು ತಾರಸಿ ಏರಿತು. ಗೂಡಿಗೆ ದೀಪ ಹಚ್ಚಿ ಮಾಗಿಯಲ್ಲೂ ಮೊಟ್ಟೆ ಪಡೆಯುವುದು ಇಂದು ಸುಲಭ. ಆದರೆ ನಾಟಿ ಹೇಟೆಯ ಚಳಿಗಾಲದ ಬಿಡುವನ್ನು ಕೊರತೆಯೆಂದು ಎಣಿಸುವ ಮುನ್ನ, ಆ ಬಿಡುವಿನಲ್ಲೇ ಅದು ಗರಿ ಹೊಸದಾಗಿಸಿಕೊಂಡು, ಮರಿ ಎಬ್ಬಿಸಿ, ಯಾವ ಹ್ಯಾಚರಿಯ ನೆರವೂ ಇಲ್ಲದೆ ತನ್ನ ಸಂತತಿಯನ್ನು ಶತಮಾನಗಳ ಕಾಲ ಈ ಹಿತ್ತಿಲುಗಳಲ್ಲಿ ಮುಂದುವರಿಸಿತೆಂಬುದನ್ನು ನೆನೆಯಬೇಕು.