ಜ್ಞಾನ ಗ್ರಂಥಗಳು ಮತ್ತು ಪಾಡ್‌ಕಾಸ್ಟ್‌ಗಳು: ಗ್ರಂಥಾಲಯದ ಸದಸ್ಯರಿಗೆ ಮಾಹಿತಿ

ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಕೋರಿ ಬರುವವರಲ್ಲಿ ಅನೇಕರು ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳನ್ನು ಅಥವಾ ಕಾದಂಬರಿಗಳನ್ನು ಕೇಳುತ್ತಾರೆ. ಇವೆರಡರ ನಡುವೆ ವಿಜ್ಞಾನ, ಇತಿಹಾಸ, ಆತ್ಮಕಥೆ, ಆರೋಗ್ಯ, ಕಾನೂನು, ಹಣಕಾಸು ಮುಂತಾದ ವಿಷಯಗಳ ಕಪಾಟುಗಳಿರುತ್ತವೆ. ಸ್ವಂತ ಬೆಳವಣಿಗೆಗಾಗಿ ಹಾಗೂ ಲೋಕವನ್ನು ಅರಿಯುವ ಸಲುವಾಗಿ ಈ ಕಪಾಟುಗಳನ್ನು ಬಳಸಬಯಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಪುಸ್ತಕಗಳಿಗೆ ಪೂರಕವಾಗಿ ಪಾಡ್‌ಕಾಸ್ಟ್‌ಗಳ ಬಗ್ಗೆಯೂ ತಿಳಿಸಲಾಗಿದೆ.

ಗ್ರಂಥಾಲಯ ಕರ ಮತ್ತು ಸದಸ್ಯತ್ವ

ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965ರ ಮೇರೆಗೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ಉದಾಹರಣೆಗೆ, ವಾರ್ಷಿಕ ತೆರಿಗೆ ರೂ. 5,000 ಇದ್ದಲ್ಲಿ ಗ್ರಂಥಾಲಯ ಕರ ರೂ. 300 ಆಗುತ್ತದೆ. ಆರೋಗ್ಯ ಕರ, ಭಿಕ್ಷುಕರ ಕರ ಇತ್ಯಾದಿಗಳೊಂದಿಗೆ ಸೇರಿಸಿ ಒಂದೇ ಮೊತ್ತವಾಗಿ ತೋರಿಸಿದಾಗ ಇದು ಗಮನಕ್ಕೆ ಬರುವುದಿಲ್ಲ. ಕರವನ್ನು ಪ್ರತಿ ವರ್ಷ ಪಾವತಿಸಿ, ಒಮ್ಮೆಯೂ ಗ್ರಂಥಾಲಯದ ಮೆಟ್ಟಿಲು ಹತ್ತದಿರುವುದು ಲೆಕ್ಕಕ್ಕೆ ಹೊಂದುವ ಮಾತಲ್ಲ.

ಗ್ರಂಥಾಲಯದಲ್ಲಿಯೇ ಕುಳಿತು ಓದಲು ಸದಸ್ಯತ್ವ ಅಗತ್ಯವಿಲ್ಲ. ಪುಸ್ತಕವನ್ನು ಮನೆಗೆ ಕೊಂಡೊಯ್ಯಲು ನಿಗದಿತ ಅರ್ಜಿ, ವಿಳಾಸದ ದಾಖಲೆ ಹಾಗೂ ಮರುಪಾವತಿಯಾಗುವ ಠೇವಣಿ ಬೇಕಾಗುತ್ತದೆ. ಠೇವಣಿಯ ಮೊತ್ತವನ್ನು ಆಯಾ ಗ್ರಂಥಾಲಯದಲ್ಲಿ ವಿಚಾರಿಸತಕ್ಕದ್ದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡಿವೆ. ಅಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದನ್ವಯ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕಲ್ಪಿಸಲಾಯಿತು.

ಯಾವ ಪುಸ್ತಕದಿಂದ ಆರಂಭಿಸಬೇಕು

'ವ್ಯಕ್ತಿತ್ವ ವಿಕಸನ' ಎಂಬ ಹೆಸರಿನಲ್ಲಿ ಮಾರಾಟವಾಗುವ ಪುಸ್ತಕಗಳು ಮಾತ್ರವೇ ವ್ಯಕ್ತಿತ್ವವನ್ನು ಬೆಳೆಸುತ್ತವೆ ಎಂಬ ಭಾವನೆ ಸಾಮಾನ್ಯವಾಗಿದೆ. ಇಷ್ಟು ದಿನಗಳಲ್ಲಿ ಯಶಸ್ಸು, ಇಷ್ಟು ಸೂತ್ರಗಳಲ್ಲಿ ಸಂಪತ್ತು ಎಂದು ಭರವಸೆ ನೀಡುವ ಪುಸ್ತಕಕ್ಕಿಂತ, ಒಂದು ವಿಷಯವನ್ನು ತಾಳ್ಮೆಯಿಂದ ವಿವರಿಸುವ ಪುಸ್ತಕ ಓದುಗನಿಗೆ ಹೆಚ್ಚು ಉಪಯುಕ್ತವೆಂಬುದು ಈ ಲೇಖನದ ಅಭಿಪ್ರಾಯ. ಕನ್ನಡದಲ್ಲಿ ಅಂತಹ ಪುಸ್ತಕಗಳಿಗೆ ಕೊರತೆಯಿಲ್ಲ.

ಸಸ್ಯವಿಜ್ಞಾನಿ ಡಾ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವನ್ನೂ ಗಿಡಮರಗಳ ಪರಿಚಯವನ್ನೂ ಹಾಸ್ಯದೊಡನೆ ಬೆರೆಸಿದ್ದಾರೆ. ವಿಜ್ಞಾನವೆಂದರೆ ಹಿಂಜರಿಯುವವರು ಇದರಿಂದಲೇ ಪ್ರಾರಂಭಿಸಬಹುದು. ಅವರ ತಂದೆ ಡಿ.ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'ಯ 8 ಸಂಪುಟಗಳಲ್ಲಿ ಹಳೆಯ ಮೈಸೂರು ಸೀಮೆಯ ವಿದ್ವಾಂಸರು, ಸಂಗೀತಗಾರರು, ಆಡಳಿತಗಾರರು ಹಾಗೂ ಸಾಮಾನ್ಯ ಜನರ ಚಿತ್ರಣವಿದೆ. ಸಂಪುಟಗಳನ್ನು ಅನುಕ್ರಮವಾಗಿಯೇ ಓದಬೇಕೆಂದಿಲ್ಲ. ಅದೇ ನಾಡಿನ ಇನ್ನೊಂದು ಮಗ್ಗುಲನ್ನು ಕಾಣಬಯಸುವವರು ಡಾ. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರು ಕೇರಿ'ಯನ್ನೂ, ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'ವನ್ನೂ ಓದುವುದು ಅವಶ್ಯ. ಪರಿಸರದ ವಿಷಯದಲ್ಲಿ ನಾಗೇಶ ಹೆಗಡೆಯವರ 'ಇರುವುದೊಂದೇ ಭೂಮಿ', ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ' ಹಾಗೂ 'ಮಿಲೆನಿಯಮ್' ಸರಣಿಯ ಪುಸ್ತಕಗಳನ್ನು ಕೇಳಿ ಪಡೆಯಬಹುದಾಗಿದೆ.

ಪ್ರಕಟಣೆಯ ವರ್ಷ ನೋಡುವುದು

ಪುಸ್ತಕ ಪಡೆಯುವ ಮುನ್ನ ಅದರ ಮುದ್ರಣ ವರ್ಷವನ್ನು ನೋಡತಕ್ಕದ್ದು. ಶಿವರಾಮ ಕಾರಂತರು ಒಬ್ಬರೇ ಬರೆದ 'ವಿಜ್ಞಾನ ಪ್ರಪಂಚ'ದ 4 ಸಂಪುಟಗಳು ಇಂದಿಗೂ ಬೆರಗು ಮೂಡಿಸುತ್ತವೆ. ಆದರೆ ಮಾನವನು ಚಂದ್ರನ ಮೇಲೆ ಇಳಿದ 1969ಕ್ಕಿಂತ ಮುಂಚೆ ಅವು ಪ್ರಕಟವಾದವು. ಪ್ಲೂಟೊವನ್ನು 2006ರಲ್ಲಿ ಗ್ರಹಗಳ ಸಾಲಿನಿಂದ ಕೈಬಿಟ್ಟಿರುವುದರಿಂದ, ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ 9 ಗ್ರಹಗಳೆಂದೇ ಇರುತ್ತದೆ. ಇದರಿಂದ ಓದುಗರಿಗೆ ದೊಡ್ಡ ನಷ್ಟವೇನಿಲ್ಲ. ಕಾನೂನಿನ ವಿಷಯ ಹಾಗಲ್ಲ. ಭಾರತ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯು ದಿನಾಂಕ 01.07.2024ರಿಂದ ಜಾರಿಗೆ ಬಂದಿದೆ. 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಬದಲಿಗೆ 2019ರ ಅಧಿನಿಯಮವು 2020ರಲ್ಲಿ ಜಾರಿಯಾಗಿದೆ. ಹಳೆಯ ಕೈಪಿಡಿಯನ್ನು ನಂಬಿ ಕಲಂ ಸಂಖ್ಯೆ ಬರೆದು ದೂರು ಸಲ್ಲಿಸಿದವರು ಅಲೆದಾಡಬೇಕಾದೀತು.

ಹಣಕಾಸಿನ ಪುಸ್ತಕ ಹಾಗೂ ಧ್ವನಿ ಕಾರ್ಯಕ್ರಮಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಬಡ್ಡಿ, ವಿಮೆ, ಷೇರು ಎಂದರೇನು ಎಂದು ತಿಳಿಸುವುದು ಶಿಕ್ಷಣ. ಇಂತಹ ಷೇರನ್ನೇ ಕೊಳ್ಳಿರಿ ಎನ್ನುವುದು ಸಲಹೆ. ಶುಲ್ಕ ಪಡೆದು ಹೂಡಿಕೆ ಸಲಹೆ ನೀಡುವವರು ಸೆಬಿಯಲ್ಲಿ ನೋಂದಣಿ ಹೊಂದಿರಬೇಕು. ನೋಂದಾಯಿತರ ಪಟ್ಟಿಯು ಸೆಬಿಯ ಜಾಲತಾಣದಲ್ಲಿ ಲಭ್ಯವಿದ್ದು, ಹಣ ತೊಡಗಿಸುವ ಮುನ್ನ ಪರಿಶೀಲಿಸುವುದು.

ಪಾಡ್‌ಕಾಸ್ಟ್ ಎಂದರೇನು

ಅಂತರ್ಜಾಲದ ಮೂಲಕ ಕಂತುಗಳಲ್ಲಿ ಬಿಡುಗಡೆಯಾಗುವ ಧ್ವನಿ ಕಾರ್ಯಕ್ರಮಕ್ಕೆ ಪಾಡ್‌ಕಾಸ್ಟ್ ಎನ್ನಲಾಗುತ್ತದೆ. ಈ ಪದವು 2004ರಲ್ಲಿ ಬಳಕೆಗೆ ಬಂದಿತು. ರೇಡಿಯೋ ಕಾರ್ಯಕ್ರಮದಂತೆ ನಿಗದಿತ ವೇಳೆಗೆ ಕಾಯಬೇಕಿಲ್ಲ. ಕಂತನ್ನು ಒಮ್ಮೆ ಮೊಬೈಲಿಗೆ ಇಳಿಸಿಕೊಂಡರೆ ಸಂಪರ್ಕವಿಲ್ಲದ ಕಡೆಯೂ, ಬಸ್ಸಿನಲ್ಲಿಯೂ ಅಡುಗೆ ಮಾಡುವಾಗಲೂ ಕೇಳಬಹುದು. ಕೇಳಿ ಕಲಿಯುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದು.

ಕನ್ನಡದಲ್ಲಿ 2018ರಲ್ಲಿ ಆರಂಭವಾದ 'ತಲೆ-ಹರಟೆ' ಪಾಡ್‌ಕಾಸ್ಟ್‌ನಲ್ಲಿ ವಿವಿಧ ಕ್ಷೇತ್ರಗಳ ಬಲ್ಲವರೊಂದಿಗೆ ನಡೆಸಿದ ದೀರ್ಘ ಮಾತುಕತೆಗಳಿವೆ. ಇಂಗ್ಲಿಷ್ ಬಲ್ಲವರು ಬಿಬಿಸಿ ರೇಡಿಯೋ 4ರಲ್ಲಿ 1998ರಲ್ಲಿ ಪ್ರಾರಂಭವಾದ 'ಇನ್ ಅವರ್ ಟೈಮ್' ಕೇಳಬಹುದು; ಪ್ರತಿ ಕಂತಿನಲ್ಲೂ ವಿದ್ವಾಂಸರು ಒಂದೇ ವಿಷಯವನ್ನು ಚರ್ಚಿಸುತ್ತಾರೆ. ಆದಾಗ್ಯೂ ಮಾತಿನ ಓಟದಲ್ಲಿ ಅಂಕಿ ಅಂಶಗಳು ತಪ್ಪುವುದುಂಟು. ಪುಸ್ತಕದಲ್ಲಿ ಹಿಂದಿನ ಪುಟಕ್ಕೆ ಹೋಗಿ ನೋಡುವ ಅನುಕೂಲ ಕೇಳುಗನಿಗೆ ಸುಲಭವಾಗಿ ದೊರೆಯದು. ಆದ್ದರಿಂದ ಕೇಳಿ ಆಸಕ್ತಿ ಮೂಡಿದ ವಿಷಯದ ಮೇಲೆ ಒಂದು ಪುಸ್ತಕವನ್ನು ಪಡೆದು ಓದುವುದು ಸೂಕ್ತ.

ಮಾನಸಿಕ ಆರೋಗ್ಯದ ಪುಸ್ತಕಗಳು

ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯ ಕುರಿತು ಸರಳ ಕನ್ನಡದಲ್ಲಿ ಅನೇಕ ಪುಸ್ತಕಗಳನ್ನು ಬರೆದಿದ್ದಾರೆ. ಖಿನ್ನತೆಯು ಸೋಮಾರಿತನವಲ್ಲ, ಕಾಯಿಲೆ ಎಂಬುದನ್ನು ಮನೆಯವರಿಗೆ ತಿಳಿಸಿಕೊಡಲು ಇಂತಹ ಪುಸ್ತಕಗಳು ಸಹಕಾರಿ. ಆದರೆ ವಾರಗಟ್ಟಲೆ ನಿದ್ರೆಯಿಲ್ಲದಿರುವುದು, ಬದುಕು ಬೇಡವೆನಿಸುವುದು ಮುಂತಾದ ಸಂದರ್ಭಗಳಲ್ಲಿ ಪುಸ್ತಕದ ಮೇಲೆ ಅಥವಾ ಪಾಡ್‌ಕಾಸ್ಟ್‌ನ ಮೇಲೆ ಅವಲಂಬಿಸತಕ್ಕದ್ದಲ್ಲ. ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವುದೇ ಸಮಯದಲ್ಲಿ ಕರೆ ಮಾಡಬಹುದಾಗಿದೆ. ಈ ಸೇವೆಯು ಅಕ್ಟೋಬರ್ 2022ರಲ್ಲಿ ಆರಂಭಗೊಂಡಿದ್ದು, ಕನ್ನಡದಲ್ಲಿ ಮಾತನಾಡಬಹುದು.

ಇತರ ಮಾಹಿತಿ

ರಾಜ್ಯದ ಸಾರ್ವಜನಿಕ ಡಿಜಿಟಲ್ ಗ್ರಂಥಾಲಯವು 2020ರಲ್ಲಿ ಪ್ರಾರಂಭವಾಗಿದ್ದು, ನೋಂದಣಿಗೆ ಶುಲ್ಕವಿರುವುದಿಲ್ಲ. ಮೊಬೈಲಿನಲ್ಲಿ ಹಂಚಿಕೆಯಾಗುವ ಪಿಡಿಎಫ್ ಪ್ರತಿಗಳ ಬಗ್ಗೆ ಎಚ್ಚರವಿರಲಿ: ಸಾಮಾನ್ಯವಾಗಿ ಲೇಖಕರು ನಿಧನರಾದ ನಂತರದ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ದೃಷ್ಟಿದೋಷ ಮೊದಲಾದ ಕಾರಣಗಳಿಂದ ಮುದ್ರಿತ ಪುಸ್ತಕ ಓದಲಾಗದವರು 2016ರಲ್ಲಿ ಆರಂಭವಾದ 'ಸುಗಮ್ಯ ಪುಸ್ತಕಾಲಯ' ಆನ್‌ಲೈನ್ ಗ್ರಂಥಾಲಯದಲ್ಲಿ ನೋಂದಾಯಿಸಿಕೊಳ್ಳಬಹುದು. ಬೇಕಾದ ಪುಸ್ತಕವು ಕಪಾಟಿನಲ್ಲಿ ಇಲ್ಲದಿದ್ದಲ್ಲಿ ಹಾಗೆಯೇ ಹಿಂದಿರುಗದೆ, ಪುಸ್ತಕದ ಹೆಸರು, ಲೇಖಕರು ಹಾಗೂ ಪ್ರಕಾಶಕರ ವಿವರವನ್ನು ಬರೆದು ಗ್ರಂಥಪಾಲಕರಿಗೆ ನೀಡತಕ್ಕದ್ದು.