ಬಿಳಿಗಿರಿಯ ಸೋಲಿಗರೂ ಕಾಡಿನ ಕಾವಲೂ

ಸೇಲಂನಿಂದ ಧರ್ಮಪುರಿಗೆ ಹೋಗುವ ನಮ್ಮವರೆಲ್ಲರೂ ತೊಪ್ಪೂರಿನ ಕಣಿವೆಯನ್ನು ಹಾಯಬೇಕಷ್ಟೆ. ಲಾರಿಗಳ ಗದ್ದಲದಲ್ಲಿ ಇಕ್ಕೆಲದ ಕಾಡನ್ನು ಕಣ್ಣೆತ್ತಿ ನೋಡುವವರು ವಿರಳ. ಇಲ್ಲಿಯ ಹೊಳೆಯು ಮೇಟೂರು ಜಲಾಶಯದಲ್ಲಿ ಕಾವೇರಿಯನ್ನು ಕೂಡುವುದು. ಆ ಮಹಾನದಿಯ ಮೇಲ್ದಂಡೆಯಲ್ಲಿ, ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳ ವಿಸ್ತಾರವಾದ ಅರಣ್ಯವನ್ನು 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮವೆಂದು ಸಾರಲಾಯಿತು. ಧಾಮವೆಂದು ಸಾರಿದೊಡನೆ ಅಂಚಿನಲ್ಲಿ ಬಾಳುವವರ ಗತಿಯೇನೆಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರವನ್ನರಸುವವರು ಪಡುವಣ ದಿಕ್ಕಿನ ಬಿಳಿಗಿರಿರಂಗನ ಬೆಟ್ಟದ ಚರಿತ್ರೆಯನ್ನು ಒಮ್ಮೆ ನೋಡುವುದು ಒಳಿತೆಂದು ನಮಗೆ ತೋರುತ್ತದೆ. ಅದೇನೂ ನಮಗೆ ದೂರದ ನಾಡಲ್ಲ. ಅದರ ಮಗ್ಗುಲಿನ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದಿತು. ಸೇಲಮಿನಂತೆ ಮದರಾಸಿನ ಆಡಳಿತದಲ್ಲಿದ್ದಿತು.

ಆ ಬೆಟ್ಟಗಳ ಪೋಡುಗಳಲ್ಲಿ ವಾಸಿಸುವ ಸೋಲಿಗರ ನುಡಿ ಕನ್ನಡಕ್ಕೆ ತೀರ ಸಮೀಪವಾದುದು. ಅವರಲ್ಲಿ ಕುಲಕುಲಕ್ಕೂ ಒಂದೊಂದು ಎಲ್ಲೆಯುಂಟು. ಆ ಎಲ್ಲೆಯೊಳಗೆ ದೇವರು, ಮಾರಿ, ವೀರರು, ಅಬ್ಬಿ ಎಂದು ಪೂಜ್ಯಸ್ಥಾನಗಳುಂಟು. ದೊಡ್ಡಸಂಪಿಗೆಯ ಮಹಾವೃಕ್ಷವನ್ನು ಕಂಡವರಿಗೆ ಈ ಭಕ್ತಿಯ ಆಳ ತಿಳಿದೀತು. ಬೇಸಗೆಯ ಮೊದಲಿಗೆ ಅವರು ಇಡುತ್ತಿದ್ದ 'ತರಗಿನ ಬೆಂಕಿ' ಕಾಡ್ಗಿಚ್ಚಲ್ಲ. ನೆಲದ ಒಣ ಎಲೆಯನ್ನು ಮಾತ್ರ ಸುಡುವ ತೆಳುಬೆಂಕಿ.

1974ರಲ್ಲಿ ಅದು ಅಭಯಾರಣ್ಯವಾಯಿತು. ಬೇಟೆಯೂ ಕುಮರಿ ಬೇಸಾಯವೂ ನಿಂತುವು. ತರಗಿನ ಬೆಂಕಿಯೂ ನಿಂತಿತು. ಅನಂತರ ಲಂಟಾನದ ಮುಳ್ಳುಪೊದೆ ಕಾಡೆಲ್ಲ ಹಬ್ಬಿತು. ನೆಲ್ಲಿಯ ಮರಗಳಿಗೆ ಉಪ್ಪಿಲೆಂಬ ಬದನಿಕೆ ಅಂಟಿ ರಸ ಹೀರಿತು. ಬೆಂಕಿ ನಿಂತದ್ದೇ ಇವೆರಡಕ್ಕೂ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತ ಬಂದರು. ಓದು ಬರೆಹ ಬಲ್ಲವರು ಆ ಮಾತಿಗೆ ಕಿವಿಗೊಡಲು ಬಹುಕಾಲ ಹಿಡಿಯಿತೆಂಬುದು ನಮ್ಮ ಅಭಿಪ್ರಾಯ.

2006ರಲ್ಲಿ ಜೇನು, ನೆಲ್ಲಿ, ಪಾಚಿಗಳ ಸಂಗ್ರಹಕ್ಕೂ ತಡೆ ಬಂದಿತು. ಮನೆಮನೆಯ ವರಮಾನ ಒಣಗಿತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿದ್ದು ಎಂತಹ ವಿಪರ್ಯಾಸ! ಸೋಲಿಗರು ಸಂಘ ಕಟ್ಟಿ, ತಮ್ಮ ಎಲ್ಲೆಗಳ ನಕ್ಷೆಯನ್ನು ಬರೆಯಿಸಿ, ಗ್ರಾಮಸಭೆಗಳಲ್ಲಿ ಅರ್ಜಿ ಸಲ್ಲಿಸಿದರು. 2011ರ ಆರಂಭದಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದಾಗ ಒಕ್ಕಲೆಬ್ಬಿಸುವರೆಂಬ ಭಯ ಹಬ್ಬಿತಾದರೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ಹುಲಿಗಳ ಕಾಡಿನಲ್ಲಿ ಇಂತಹ ಹಕ್ಕು ಸಂದದ್ದು ಭಾರತದಲ್ಲಿ ಅದೇ ಮೊದಲು. ಜನರಿದ್ದರೆ ಹುಲಿ ಉಳಿಯದೆಂದವರು ಉಂಟು. 2014ರ ಎಣಿಕೆಯಲ್ಲಿ ಅಲ್ಲಿಯ ಹುಲಿಗಳು 2010ಕ್ಕಿಂತ ಹೆಚ್ಚಿದ್ದುವು.

ಹಕ್ಕುಪತ್ರ ಬಂದಿತೆಂದು ಲಂಟಾನವೇನೂ ಕಾಡು ಬಿಟ್ಟು ಹೋಗಲಿಲ್ಲ. ನೆರೆಯ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕೋಲುಗಳನ್ನು ಕಡಿದು, ಬೇಯಿಸಿ, ಸಿಪ್ಪೆ ಸುಲಿದು ಕುರ್ಚಿ ಮೇಜುಗಳನ್ನು ಮಾಡಿ ಮಾರುವುದನ್ನು ಕಲಿತಿದ್ದಾರೆ.