ಕೋಲಿಗೆ ತಕ್ಕ ಆಟಗಾರನೋ, ಆಟಗಾರನಿಗೆ ತಕ್ಕ ಕೋಲೋ?

1890ರ ದಶಕ, ಸ್ಕಾಟ್ಲೆಂಡಿನ ಎಡಿನ್‌ಬರೋ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಪಾಠ ಮಾಡುವ, ಅರವತ್ತು ದಾಟಿದ ಮೇಷ್ಟ್ರೊಬ್ಬರು ಗಾಲ್ಫ್ ಚೆಂಡಿಗೆ ಉದ್ದನೆಯ ಟೇಪಿನ ಒಂದು ತುದಿ ಅಂಟಿಸಿ, ಇನ್ನೊಂದು ತುದಿಯನ್ನು ನೆಲಕ್ಕೆ ಬಿಗಿದಿದ್ದಾರೆ. ಒಂದೆರಡು ಗಜ ಮುಂದೆ ಗಟ್ಟಿ ಜೇಡಿಮಣ್ಣಿನ ಗೋಡೆ. ಒಳ್ಳೆಯ ಆಟಗಾರನೊಬ್ಬನನ್ನು ಕರೆದು, ಆ ಮಣ್ಣಿನೊಳಕ್ಕೆ ಚೆಂಡು ಹೊಡೆಯಪ್ಪಾ ಅಂತಾರೆ. ಚೆಂಡು ಹೋಗಿ ಮಣ್ಣಲ್ಲಿ ಹೂತುಕೊಳ್ಳುತ್ತೆ. ಮೇಷ್ಟ್ರು ಹತ್ತಿರ ಹೋಗಿ ಟೇಪು ಎಷ್ಟು ಸುತ್ತು ಹುರಿಗೊಂಡಿದೆ ಅಂತ ಎಣಿಸ್ತಾರೆ. ಅಷ್ಟೇ ಪ್ರಯೋಗ.

ಮೇಷ್ಟ್ರ ಹೆಸರು ಪೀಟರ್ ಗತ್ರಿ ಟೇಟ್. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್‌ಶಿಪ್ ಗೆದ್ದವನು. ಅಪ್ಪನನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ: ಲೆಕ್ಕದ ಪ್ರಕಾರ ಇಷ್ಟು ಹೊತ್ತಿಗೆ ನೆಲಕ್ಕೆ ಬೀಳಬೇಕಾದ ಚೆಂಡು, ಆರು ಸೆಕೆಂಡು ಗಾಳಿಯಲ್ಲೇ ಹೇಗೆ ಉಳಿಯುತ್ತೆ? ಚೆಂಡು ತಿರುಗಬಾರದು, ತಿರುಗಿದರೆ ಅದು ಹೊಡೆತದ ದೋಷ ಅಂತ ಆಗಿನ ಕಾಲದ ಗಾಲ್ಫಿಗರೆಲ್ಲ ನಂಬಿದ್ದರು. ಸ್ವತಃ ಗಾಲ್ಫ್ ಹುಚ್ಚರಾಗಿದ್ದ ಟೇಟ್ ಮೇಷ್ಟ್ರೂ ಅದನ್ನೇ ನಂಬಿ ಅಭ್ಯಾಸ ಮಾಡಿದವರು. ಟೇಪಿನ ಸುತ್ತು ಬೇರೆಯೇ ಕತೆ ಹೇಳಿತು. ಒಳ್ಳೆಯ ಹೊಡೆತದಲ್ಲಿ ಚೆಂಡು ಹಿಂದಕ್ಕೆ ಗಿರಗಿರ ತಿರುಗುತ್ತೆ, ಆ ತಿರುಗುವಿಕೆಯೇ ಅದನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತೆ. ನಾವು ಈಗ ಬ್ಯಾಕ್‌ಸ್ಪಿನ್ ಅನ್ನೋದು ಇದನ್ನೇ.

ಇವತ್ತು ಗಾಲ್ಫ್ ಅಂಗಡಿಗೆ ಹೋದರೆ ನಿಮ್ಮ ಹಿಂದೆ ಒಂದು ಕಿತ್ತಳೆ ಬಣ್ಣದ ಪೆಟ್ಟಿಗೆ ಇಟ್ಟು, ಹತ್ತು ಚೆಂಡು ಹೊಡೆಸಿ, ಪರದೆ ಮೇಲೆ ಅಂಕಿಗಳ ಸುರಿಮಳೆ ತೋರಿಸ್ತಾರೆ. ಕ್ಲಬ್ಬಿನ ವೇಗ, ಚೆಂಡಿನ ವೇಗ, ಎಷ್ಟು ಡಿಗ್ರಿಗೆ ಎದ್ದಿತು, ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು, ಎಲ್ಲಿ ಬಿತ್ತು. ಆಮೇಲೆ "ಸರ್, ನಿಮಗೆ ಈ ಶಾಫ್ಟು, ಈ ಹೆಡ್ಡು" ಅಂತಾರೆ. ಇದನ್ನು ಕ್ಲಬ್ ಫಿಟ್ಟಿಂಗ್ ಅಂತ ಕರೀತಾರೆ. ಟೇಟ್ ಮೇಷ್ಟ್ರ ಟೇಪಿಗೂ ಈ ಪೆಟ್ಟಿಗೆಗೂ ನಡುವೆ ನೂರು ವರ್ಷಕ್ಕಿಂತ ಹೆಚ್ಚು ಅಂತರ ಇದೆ. ಅಷ್ಟು ಕಾಲ ಮನುಷ್ಯ ಏನನ್ನು ಅಳೆದ, ಏನನ್ನು ಅಳೆಯದೇ ಬಿಟ್ಟ ಅನ್ನೋದು ಬಹಳ ಮಜವಾದ ಇತಿಹಾಸ.

ಮೊದಲು ಕೋಲು ಕೈಯಿಂದಲೇ ಬರುತ್ತಿತ್ತು

ಹತ್ತೊಂಬತ್ತನೇ ಶತಮಾನದ ಗಾಲ್ಫ್ ಕ್ಲಬ್ಬು ಅಂದರೆ ಬಡಗಿಯ ಕೆಲಸ. ಸೇಂಟ್ ಆಂಡ್ರೂಸ್‌ನಲ್ಲಿ ಹ್ಯೂ ಫಿಲ್ಪ್, ಅವನ ನಂತರ ರಾಬರ್ಟ್ ಫೋರ್ಗನ್‌ನಂಥವರು ಒಂದೊಂದೇ ಕೋಲು ಕೆತ್ತಿ ಕೊಡುತ್ತಿದ್ದರು. ಹಿಡಿಗೆ ಹಿಕರಿ ಮರ. ಯಾವ ಎರಡು ಹಿಕರಿ ಕೋಲೂ ಒಂದೇ ಥರ ಬಾಗೋದಿಲ್ಲ. ಆಟಗಾರ ಅಂಗಡಿಯಲ್ಲಿ ಒಂದೊಂದನ್ನೇ ಹಿಡಿದು, ಅಲ್ಲಾಡಿಸಿ, "ಇದು ನನ್ನ ಕೈಗೆ ಕೂತಿತು" ಅನ್ನಿಸಿದ್ದನ್ನು ಮನೆಗೆ ಒಯ್ಯುತ್ತಿದ್ದ. ಬೇಕಿದ್ದರೆ ಬಡಗಿ ಇನ್ನಷ್ಟು ಹೆರೆದು ಕೊಡುತ್ತಿದ್ದ.

ಹಳ್ಳಿಯಲ್ಲಿ ಬೆಳೆದವರಿಗೆ ಇದೇನು ಹೊಸದಲ್ಲ. ನಮ್ಮ ಕಡೆ ಗುದ್ದಲಿಗೆ ಕಾವು ಹಾಕಿಸೋಕೆ ಹೋದರೆ ಮೊದಲ ಪ್ರಶ್ನೆಯೇ "ಯಾರು ಹಿಡಿಯೋದು?" ಅಂತ. ಅಪ್ಪ ಹಿಡಿಯೋ ಗುದ್ದಲಿಯ ಕಾವೇ ಬೇರೆ, ಅವ್ವ ಹಿಡಿಯೋದರ ಕಾವೇ ಬೇರೆ. ಅಳತೆಪಟ್ಟಿ ಯಾರ ಕೈಲೂ ಇರಲಿಲ್ಲ. ಆದರೆ ಅಳತೆ ಇತ್ತು.

ಗಾಲ್ಫಿನಲ್ಲಿ ಈ ಪದ್ಧತಿ ಮುರಿದದ್ದು ಉಕ್ಕಿನಿಂದ. 1920ರ ದಶಕದಲ್ಲಿ ಅಮೆರಿಕ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಟ್ಟಿತು. 1929ರಲ್ಲಿ ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಶಿಯಂಟ್ ಸಂಸ್ಥೆಯೂ ಒಪ್ಪಿತು. ಉಕ್ಕಿಗೆ ಹಿಕರಿಯ ಚಂಚಲತೆ ಇಲ್ಲ. ಸಾವಿರ ಶಾಫ್ಟು ಮಾಡಿದರೂ ಸಾವಿರವೂ ಒಂದೇ ಥರ. ಮ್ಯಾಶಿ, ನಿಬ್ಲಿಕ್, ಕ್ಲೀಕ್ ಅನ್ನೋ ಚಂದದ ಹೆಸರುಗಳು ಹೋಗಿ 5, 7, 9 ಅನ್ನೋ ನಂಬರುಗಳು ಬಂದವು. ಬಿಡಿಬಿಡಿಯಾಗಿ ಕೊಳ್ಳುತ್ತಿದ್ದ ಕ್ಲಬ್ಬುಗಳು ಈಗ "ಸೆಟ್" ಆದವು. 1938ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಒಬ್ಬರ ಚೀಲದಲ್ಲಿ 14 ಕ್ಲಬ್ಬಿಗಿಂತ ಹೆಚ್ಚು ಇರಕೂಡದು ಅಂತ ಕಟ್ಟುನಿಟ್ಟು ಮಾಡಿತು.

ಸೆಟ್ ಅಂದ ಮೇಲೆ ಒಂದಕ್ಕೊಂದು ಹೊಂದಬೇಕಲ್ಲ? 1920ರ ದಶಕದಲ್ಲೇ ರಾಬರ್ಟ್ ಆಡಮ್ಸ್ ಅನ್ನೋ ಅಮೆರಿಕನ್ ಒಂದು ವಿಶೇಷ ತಕ್ಕಡಿ ಮಾಡಿದ್ದ. ಹಿಡಿಯ ತುದಿಯಿಂದ 14 ಇಂಚು ದೂರದಲ್ಲಿ ಆನಿಕೆ ಕೊಟ್ಟು, ತಲೆಯ ಕಡೆ ಎಷ್ಟು ಭಾರ ಎಳೆಯುತ್ತೆ ಅಂತ ನೋಡೋ ತಕ್ಕಡಿ. ಇದೇ ಸ್ವಿಂಗ್‌ವೇಟ್. ಇವತ್ತಿಗೂ ಕ್ಲಬ್ಬುಗಳ ಮೇಲೆ ಡಿ-2 ಅಂತೆಲ್ಲ ಬರೆಯೋದು ಇದರ ಲೆಕ್ಕದಲ್ಲೇ. ಒಳ್ಳೆಯ ಉಪಾಯ. ಆದರೆ ಸೂಕ್ಷ್ಮ ಗಮನಿಸಿ: ಈ ತಕ್ಕಡಿ ಕ್ಲಬ್ಬನ್ನು ಇನ್ನೊಂದು ಕ್ಲಬ್ಬಿಗೆ ಹೊಂದಿಸುತ್ತೆ. ಹಿಡಿಯೋ ಮನುಷ್ಯ ಲೆಕ್ಕದಲ್ಲೇ ಇಲ್ಲ.

ಆಮೇಲೆ ಯಂತ್ರ ಬಂತು

1930ರ ದಶಕದಲ್ಲಿ ಎಂಐಟಿಯ ಹೆರಾಲ್ಡ್ ಎಡ್ಜರ್ಟನ್ ಮಿಂಚುದೀಪ ಬಳಸಿ ಗಾಲ್ಫ್ ಹೊಡೆತದ ಫೋಟೋ ತೆಗೆದರು. ಒಂದೇ ಚಿತ್ರದಲ್ಲಿ ಹತ್ತಾರು ಕ್ಲಬ್ಬುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿರೋ ಆ ಫೋಟೋ ನೀವೂ ಎಲ್ಲಾದರೂ ನೋಡಿರ್ತೀರಿ. 1968ರಲ್ಲಿ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಬ್ರಿಟನ್ನಿನಲ್ಲಿ ಹಲವು ವರ್ಷ ನಡೆದ ಸಂಶೋಧನೆಯನ್ನು ಪುಸ್ತಕ ಮಾಡಿ ತಂದರು. ಕ್ಲಬ್ಬು ಮತ್ತು ಚೆಂಡು ಒಂದಕ್ಕೊಂದು ತಾಗಿಕೊಂಡಿರೋದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ಅಂತ ಅವರು ತೋರಿಸಿದರು. ಅಷ್ಟರಲ್ಲಿ ಎಲ್ಲ ತೀರ್ಮಾನ ಆಗಿಹೋಗಿರುತ್ತೆ. ಆ ಕ್ಷಣದಲ್ಲಿ ಏನಾಯ್ತು ಅಂತ ಕೈಗೆ ಗೊತ್ತಾಗೋ ಹೊತ್ತಿಗೆ ಚೆಂಡು ಆಗಲೇ ಹೊರಟುಹೋಗಿದೆ.

ಅದೇ ಅರವತ್ತರ ದಶಕದಲ್ಲಿ ಶಾಫ್ಟ್ ತಯಾರಿಸೋ ಟ್ರೂ ಟೆಂಪರ್ ಕಂಪನಿಗಾಗಿ ಒಂದು ಹೊಡೆಯೋ ಯಂತ್ರ ಸಿದ್ಧವಾಯ್ತು. ಬೈರನ್ ನೆಲ್ಸನ್ ಅನ್ನೋ ಮಹಾ ಆಟಗಾರನ ಸ್ವಿಂಗಿನ ಮಾದರಿಯಲ್ಲಿ ಮಾಡಿದ್ದರಿಂದ ಅದಕ್ಕೆ "ಐರನ್ ಬೈರನ್" ಅಂತಲೇ ಹೆಸರು. ದಣಿಯಲ್ಲ, ಸಿಟ್ಟು ಮಾಡ್ಕೊಳ್ಳಲ್ಲ, ಸಾವಿರ ಸಲ ಹೊಡೆದರೂ ಒಂದೇ ಹೊಡೆತ. ಎರಡು ಕ್ಲಬ್ಬುಗಳನ್ನು ಹೋಲಿಸೋಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಎಂಜಿನಿಯರುಗಳ ಭಾಷೆಯಲ್ಲಿ ಹೇಳೋದಾದರೆ ಒಂದು ವೇರಿಯಬಲ್ ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕಟ್ಟಿಹಾಕಿದರು.

ಕಟ್ಟಿಹಾಕಿದ್ದು ಯಾವುದನ್ನ? ಮನುಷ್ಯನನ್ನ. ಐರನ್ ಬೈರನ್‌ಗೆ ಚೆನ್ನಾಗಿ ಒಗ್ಗಿದ ಕ್ಲಬ್ಬು ನಿಜವಾಗಿಯೂ ಒಳ್ಳೆಯದೇ, ನೀವು ಬೈರನ್ ನೆಲ್ಸನ್ ಆಗಿದ್ದರೆ. ಗಿಡ್ಡ ಕೈಯವನು, ಸೊಂಟ ಹಿಡಿದವನು, ಮೇಲಿಂದ ಕಡಿಯೋ ಹಾಗೆ ಹೊಡೆಯೋವನು ಅಂಗಡಿಯ ಅದೇ ಕೋಲಿಗೆ ತನ್ನ ಮೈ ಬಗ್ಗಿಸಿಕೊಳ್ಳಬೇಕಿತ್ತು. ಚೆಂಡು ಎಡಕ್ಕೆ ಹೋದರೆ ತಪ್ಪು ಅವನದ್ದೇ.

ಚಪ್ಪಲಿ ಹೊಲಿದವನ ಕಣ್ಣು

ಇಲ್ಲಿ ಕತೆಗೆ ಬರೋದು ಕಾರ್ಸ್ಟನ್ ಸೋಲ್ಹೈಮ್. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ಎಂಜಿನಿಯರಿಂಗ್ ಓದೋಕೆ ಸೇರಿದರು, ಮಹಾ ಆರ್ಥಿಕ ಕುಸಿತದ ಕಾಲ, ದುಡ್ಡಿಲ್ಲದೆ ಕಾಲೇಜು ಬಿಟ್ಟರು. ಅಪ್ಪನ ಕಸುಬನ್ನೇ ಹಿಡಿದು ಬೂಟು ರಿಪೇರಿ ಮಾಡಿದರು. ಆಮೇಲೆ ಹೇಗೋ ಎಂಜಿನಿಯರಿಂಗ್ ಕೆಲಸ ಗಿಟ್ಟಿಸಿ ಜನರಲ್ ಎಲೆಕ್ಟ್ರಿಕ್ ಸೇರಿದರು. ಗಾಲ್ಫ್ ಆಡೋಕೆ ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ. ಪಟ್ಟಿಂಗ್ ಸರಿಬರಲಿಲ್ಲ. ಬೇರೆಯವರಾಗಿದ್ದರೆ ಇನ್ನಷ್ಟು ಅಭ್ಯಾಸ ಮಾಡ್ತಿದ್ದರು. ಇವರು ಮನೆಯ ಗ್ಯಾರೇಜಿನಲ್ಲಿ ಹೊಸ ಪಟರ್ ಮಾಡಿಕೊಂಡರು. 1959ರಲ್ಲಿ ಬಂದ ಆ ಪಟರ್ ಚೆಂಡಿಗೆ ತಾಗಿದಾಗ "ಪಿಂಗ್" ಅಂತಿತ್ತು. ಅದೇ ಕಂಪನಿಯ ಹೆಸರಾಯ್ತು.

ಸೋಲ್ಹೈಮ್ ಮಾಡಿದ ದೊಡ್ಡ ಕೆಲಸ ಅಂದರೆ ನನ್ನ ಪ್ರಕಾರ ಆ ಪಟರ್ ಅಲ್ಲ, ಬಣ್ಣದ ಚುಕ್ಕೆಗಳು. ಕ್ಲಬ್ಬಿನ ಕೋಲು ನೆಲದ ಜೊತೆ ಮಾಡೋ ಕೋನಕ್ಕೆ ಲೈ ಅಂತಾರೆ. ಬಲಗೈ ಆಟಗಾರನಿಗೆ ಈ ಕೋನ ಜಾಸ್ತಿ ನೆಟ್ಟಗಿದ್ದರೆ ತಲೆಯ ಮುಂತುದಿ ಮೇಲೇಳುತ್ತೆ, ಚೆಂಡು ಎಡಕ್ಕೆ ಹೋಗುತ್ತೆ. ಜಾಸ್ತಿ ಮಲಗಿದ್ದರೆ ಬಲಕ್ಕೆ. ಎಷ್ಟು ಕೋನ ಬೇಕು ಅನ್ನೋದು ನಿಮ್ಮ ಎತ್ತರ, ಕೈಯ ಉದ್ದ, ನಿಲ್ಲೋ ರೀತಿ ಇವುಗಳ ಮೇಲೆ ನಿಂತಿದೆ. ಪಿಂಗ್ 1970ರ ದಶಕದಲ್ಲಿ ಎತ್ತರ ಮತ್ತು ಮಣಿಕಟ್ಟಿನಿಂದ ನೆಲಕ್ಕಿರೋ ದೂರ, ಈ ಎರಡನ್ನೂ ಒಂದು ಪಟ್ಟಿಯಲ್ಲಿಟ್ಟು ಪ್ರತಿ ಕೋನಕ್ಕೆ ಒಂದು ಬಣ್ಣ ಕೊಟ್ಟಿತು. ಕಪ್ಪು ಚುಕ್ಕೆ ಅಂದರೆ ನಡುವಿನ ಅಳತೆ, ಮಿಕ್ಕ ಬಣ್ಣಗಳು ಆ ಕಡೆ ಈ ಕಡೆ. ಕಾಲು ನೋಡಿ ಬೂಟು ಕೊಡೋ ಲೆಕ್ಕವೇ ಇದು. ಅಂಗಡಿಗೆ ಬಂದವನ ಕಾಲನ್ನು ಬೂಟಿಗೆ ತಕ್ಕಂತೆ ಕತ್ತರಿಸೋಕೆ ಆಗಲ್ಲ ಅಂತ ಆ ಕಸುಬು ಮಾಡಿದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?

ಆದರೂ ಇದು ನಿಂತ ಮನುಷ್ಯನ ಅಳತೆ. ಹೊಡೆಯೋ ಮನುಷ್ಯನ ಅಳತೆ ಇನ್ನೂ ಬಾಕಿ ಇತ್ತು.

ಫಿರಂಗಿ ಗುಂಡಿನ ರೇಡಾರು

ಡೆನ್ಮಾರ್ಕಿನಲ್ಲಿ ಫಿರಂಗಿ ಗುಂಡು, ಕ್ಷಿಪಣಿಗಳ ಜಾಡು ಹಿಡಿಯೋ ರೇಡಾರ್ ಮಾಡೋ ವೈಬಲ್ ಅನ್ನೋ ಕಂಪನಿ ಇದೆ. ಅಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್ ಫ್ರೆಡ್ರಿಕ್ ಟುಕ್ಸೆನ್, ಗಾಲ್ಫ್ ಪ್ರಿಯರಾದ ಇಬ್ಬರು ಅಣ್ಣತಮ್ಮಂದಿರ ಜೊತೆ ಸೇರಿ 2003ರಲ್ಲಿ ಟ್ರ್ಯಾಕ್‌ಮನ್ ಶುರು ಮಾಡಿದರು. ತತ್ವ ಹಳೆಯದು. ಆಸ್ಟ್ರಿಯಾದ ಡಾಪ್ಲರ್ 1842ರಲ್ಲೇ ಹೇಳಿದ್ದು: ಚಲಿಸೋ ವಸ್ತುವಿನಿಂದ ಬರೋ ಅಲೆಯ ಆವರ್ತನ ಬದಲಾಗುತ್ತೆ. ಆಂಬುಲೆನ್ಸ್ ಹತ್ತಿರ ಬಂದಾಗ ಒಂದು ಸ್ವರ, ದಾಟಿಹೋದಾಗ ಇನ್ನೊಂದು ಸ್ವರ ಕೇಳುತ್ತಲ್ಲ, ಅದೇ. ಗುಂಡಿನ ಜಾಗದಲ್ಲಿ ಚೆಂಡು ಇಟ್ಟರು, ಅಷ್ಟೇ. ಇನ್ನು ಕೆಲವು ಯಂತ್ರಗಳು ರೇಡಾರ್ ಬದಲು ಅತಿ ವೇಗದ ಕ್ಯಾಮೆರಾದಿಂದ, ಚೆಂಡು ಹೊರಡೋ ಕ್ಷಣದ ಚಿತ್ರ ತೆಗೆದು ಲೆಕ್ಕ ಹಾಕುತ್ತವೆ.

ಇದರಿಂದ ಮೊದಲು ಉದುರಿದ್ದು ಗುರುಗಳ ಒಂದು ನಂಬಿಕೆ. ಚೆಂಡು ಹೊರಡೋದು ಕ್ಲಬ್ಬು ಬೀಸಿದ ದಿಕ್ಕಿನಲ್ಲಿ ಅಂತ ದಶಕಗಟ್ಟಲೆ ಪಾಠ ಮಾಡಿದ್ದರು. ಅಳೆದು ನೋಡಿದರೆ ಚೆಂಡು ಬಹುಪಾಲು ಹೊರಡೋದು ಕ್ಲಬ್ಬಿನ ಮುಖ ನೋಡ್ತಿರೋ ದಿಕ್ಕಿಗೆ. ಕಾಕ್ರನ್ ಮತ್ತು ಸ್ಟಾಬ್ಸ್ 1968ರಲ್ಲೇ ಇದನ್ನು ಬರೆದಿದ್ದರು. ಪುಸ್ತಕದಲ್ಲಿದ್ದಾಗ ಹೆಚ್ಚಿನವರು ಕೇಳಲಿಲ್ಲ. ಪರದೆ ಮೇಲೆ ತಮ್ಮದೇ ಚೆಂಡಿನ ಅಂಕಿ ಬಂದಾಗ ಕೇಳಿದರು.

ಎರಡನೆಯದು ನಮಗೆ ಇನ್ನೂ ಮುಖ್ಯ. ಟ್ರ್ಯಾಕ್‌ಮನ್ ಹಿಂದೆ ಪ್ರಕಟಿಸಿದ್ದ ಸರಾಸರಿಗಳು ಹೀಗಿದ್ದವು. ಪಿಜಿಎ ಟೂರಿನ ಗಂಡಸರು ಡ್ರೈವರನ್ನು ಗಂಟೆಗೆ ಸುಮಾರು 113 ಮೈಲಿ ವೇಗದಲ್ಲಿ ಬೀಸಿ, ಚೂರು ಇಳಿಮುಖವಾಗಿ ಹೊಡೀತಾರೆ. ಚೆಂಡು ಸುಮಾರು 11 ಡಿಗ್ರಿಗೆ ಎದ್ದು 275 ಗಜ ಹಾರುತ್ತೆ. ಎಲ್‌ಪಿಜಿಎ ಟೂರಿನ ಹೆಂಗಸರ ವೇಗ ಸುಮಾರು 94 ಮೈಲಿ. ಅವರು ಸುಮಾರು 3 ಡಿಗ್ರಿ ಏರುಮುಖವಾಗಿ ಹೊಡೆದು, 13 ಡಿಗ್ರಿಗೂ ಮೇಲೆ ಎಬ್ಬಿಸಿ 218 ಗಜ ಹಾರಿಸ್ತಾರೆ. ಕ್ಲಬ್ಬಿನ ವೇಗಕ್ಕೆ ಚೆಂಡಿನ ವೇಗದ ಅನುಪಾತ ಮಾತ್ರ ಇಬ್ಬರಿಗೂ ಒಂದೇ, 1.48. ಅಂದರೆ ಚೆಂಡಿನ ನಡುಮಧ್ಯಕ್ಕೆ ಹೊಡೆಯೋ ಕೌಶಲದಲ್ಲಿ ಇಬ್ಬರೂ ಸಮ. ವೇಗ ಕಡಿಮೆ ಇರೋವರು ಎತ್ತರದಿಂದ ದೂರ ಗಳಿಸ್ತಾರೆ.

ಈಗ ವಾರಾಂತ್ಯದಲ್ಲಿ ಆಡೋ ನಮ್ಮಂಥ ಆಫೀಸಿನವರನ್ನು ತಗೊಳ್ಳಿ. ವೇಗ ತೊಂಬತ್ತರ ಆಸುಪಾಸು ಇರೋವರೇ ಜಾಸ್ತಿ. ಟಿವಿಯಲ್ಲಿ ಕಂಡ ಚಾಂಪಿಯನ್ನಿನ 9 ಡಿಗ್ರಿ ಡ್ರೈವರ್, ಗಟ್ಟಿ ಶಾಫ್ಟು, ಅದೇ ಬೇಕು ಅಂತ ಕೊಂಡುಕೊಂಡರೆ ಚೆಂಡು ತಗ್ಗಿನಲ್ಲಿ ಹೋಗಿ ಬೇಗ ಬೀಳುತ್ತೆ. ಆಮೇಲೆ ಕೋಚಿಂಗಿಗೆ ದುಡ್ಡು ಸುರಿದು, ಬೆನ್ನು ನೋಯಿಸಿಕೊಂಡು, "ನನಗೆ ಈ ಆಟ ಹತ್ತಲ್ಲ" ಅಂತ ಕೈಬಿಡ್ತಾರೆ. ಅರ್ಧ ತಪ್ಪು ಕೋಲಿನದ್ದಾಗಿರಬಹುದು ಅಂತ ಹೇಳೋರೇ ಇರಲ್ಲ. ಹೆಂಗಸರ ಪಾಡಂತೂ ಕೇಳಲೇಬೇಡಿ. "ಲೇಡೀಸ್" ಅಂತ ಒಂದೇ ಶಾಫ್ಟು, ಒಂದೇ ಉದ್ದ, ಐದು ಅಡಿಯವಳಿಗೂ ಅದೇ, ಐದೂ ಮುಕ್ಕಾಲು ಅಡಿಯವಳಿಗೂ ಅದೇ.

ಅಂಕಿಯೂ ಯಾಮಾರಿಸುತ್ತೆ

ಹಾಗಂತ ಪೆಟ್ಟಿಗೆ ಹೇಳಿದ್ದೇ ವೇದವಾಕ್ಯ ಅಲ್ಲ. ಯಂತ್ರ ಅಳೆಯೋದು ಅವತ್ತು ನೀವು ಹೊಡೆದದ್ದನ್ನ. ಅಂಗಡಿಯ ಮೆತ್ತನೆ ಮ್ಯಾಟಿನ ಮೇಲೆ, ಗಾಳಿ ಇಲ್ಲದ ಕೋಣೆಯಲ್ಲಿ, ಹೊಸ ಕ್ಲಬ್ಬಿನ ಉಮೇದಿನಲ್ಲಿ ಹೊಡೆದದ್ದನ್ನ. ಹತ್ತರಲ್ಲಿ ಒಂದು ಅದ್ಭುತವಾಗಿ ಹೋದರೆ, ಮಾರೋವನು ಅದನ್ನೇ ತೋರಿಸ್ತಾನೆ. ನೋಡಬೇಕಾದ್ದು ಮಿಕ್ಕ ಒಂಬತ್ತು ಎಲ್ಲಿ ಬಿದ್ದವು ಅಂತ. ಇನ್ನೊಂದು ಚಾಲಾಕಿತನವೂ ಇದೆ. ಕ್ಲಬ್ಬಿನ ಮೇಲಿನ ನಂಬರಿಗೆ ಯಾವ ನಿಯಮವೂ ಇಲ್ಲ. ಹಿಂದೆ 7 ಐರನ್ ಅಂದರೆ 36 ಡಿಗ್ರಿ ಆಸುಪಾಸು ಇರುತ್ತಿತ್ತು, ಈಗ ಎಷ್ಟೋ ಕಂಪನಿಗಳದ್ದು 30ಕ್ಕೂ ಕಡಿಮೆ. "ನೋಡಿ ಸರ್, ನಮ್ಮ 7 ಐರನ್ ಹದಿನೈದು ಗಜ ಜಾಸ್ತಿ ಹೋಯ್ತು" ಅಂದರೆ, ಅವರು ಕೈಗೆ ಕೊಟ್ಟಿರೋದು ಹೆಚ್ಚುಕಮ್ಮಿ ಹಳೆಯ 5 ಐರನ್. 14 ಕ್ಲಬ್ಬಿನ ಮಿತಿ ಇರೋವಾಗ, ಯಾವ ದೂರಕ್ಕೆ ಯಾವ ಕ್ಲಬ್ಬು ಅನ್ನೋದು ಸರಿಯಾಗಿ ಹಂಚಿಕೆ ಆಗಬೇಕೇ ಹೊರತು ಒಂದೇ ಕ್ಲಬ್ಬು ದೂರ ಹೋಗಿ ಪ್ರಯೋಜನ ಇಲ್ಲ.

ದೂರವೇ ಎಲ್ಲ ಅಲ್ಲ ಅನ್ನೋದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ಸಾಕು. 2021ರ ಆಗಸ್ಟಿನಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಅದಿತಿ ಒಂದೇ ಒಂದು ಹೊಡೆತದಿಂದ ಪದಕ ಕಳೆದುಕೊಂಡು ನಾಲ್ಕನೆಯವರಾದರು. ಬೆಳಗಿನ ಜಾವ ಎದ್ದು, ಬರ್ಡಿ ಅಂದರೇನು ಅಂತ ಗೂಗಲ್ ಮಾಡ್ತಾ ಇಡೀ ದೇಶ ಟಿವಿ ನೋಡಿದ ದಿನ ಅದು. ದೂರ ಹೊಡೆಯೋರ ಪಟ್ಟಿಯಲ್ಲಿ ಅದಿತಿ ಕೆಳಗಡೆ ಇದ್ದವರು. ಜೊತೆಯವರು ಗಿಡ್ಡ ಐರನ್ ತೆಗೆಯೋ ಕಡೆ ಇವರು ಉದ್ದನೆಯ ಕ್ಲಬ್ಬು ತೆಗೆದು ಹಸಿರಿಗೆ ತಲುಪಿಸಿ, ಪಟರ್‌ನಲ್ಲಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಬೇರೆಯವರ ಆಟಕ್ಕೆ ಜೋಡಿಸಿದ ಚೀಲ ಅವರಿಗೆ ಏನೂ ಪ್ರಯೋಜನಕ್ಕೆ ಬರ್ತಿರಲಿಲ್ಲ.

ಹಾಗಾಗಿ ಫಿಟ್ಟಿಂಗಿಗೆ ಹೋಗೋದಾದರೆ ನಿಮ್ಮ ಹಳೆಯ ಕ್ಲಬ್ಬನ್ನೂ ತಗೊಂಡು ಹೋಗಿ. ಮೊದಲು ಅದರಲ್ಲೇ ಹತ್ತು ಹೊಡೆದು, ಆ ಅಂಕಿ ಬರೆದಿಟ್ಟುಕೊಳ್ಳಿ. ದಿನಾ ಹೊಡೆಯೋ ಹಾಗೇ ಹೊಡೆಯಿರಿ, ಅಂಗಡಿಯವನನ್ನು ಮೆಚ್ಚಿಸೋಕೆ ಹೋಗಬೇಡಿ. ಹತ್ತೂ ಚೆಂಡಿನ ಚಿತ್ರ ತೋರಿಸಿ ಅಂತ ಕೇಳಿ. ಹಳೆಯದೇ ಸರಿಯಾಗಿದೆ, ಕೋನ ಒಂದೆರಡು ಡಿಗ್ರಿ ಬಗ್ಗಿಸಿದರೆ ಸಾಕು ಅಂತ ಅಂಕಿ ಹೇಳಿದರೆ ಅದನ್ನೂ ನಂಬಿ. ಹೊಸದು ಕೊಳ್ಳದೇ ಬರೀ ಅಳತೆ ತಗೊಂಡು ವಾಪಸ್ ಬಂದರೂ ಅವತ್ತಿನ ದುಡ್ಡು ದಂಡ ಅಲ್ಲ.